‘ಹತ್ತು ಪಟ್ಟು’ ಸರಿ, ಯಾವುದರಲ್ಲಿ?

ನಮಸ್ಕಾರ,

ನೀವು ಕಳಿಸಿದ ‘ನಾಳಿನ ರಾಕೆಟ್‌ಗಳು’ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಸೌರ ಹಾಯಿಯ ಭಾಗ ಚೆನ್ನಾಗಿ ಬಂದಿದೆ. ಆದರೆ ಎರಡನೇ ಪುಟಕ್ಕೆ ಬಂದಾಗ ಸಿಟ್ಟು ಬಂತು. ಬೇಜಾರು ಮಾಡ್ಕೋಬೇಡಿ, ಅದನ್ನೇ ಹೇಳುತ್ತೇನೆ.

‘ಅಯಾನ್ ಎಂಜಿನ್ ಇಂದಿನ ರಾಕೆಟ್‌ಗಳಿಗಿಂತ ಹತ್ತು ಪಟ್ಟು ಶಕ್ತಿಶಾಲಿ’ ಎಂದಿದ್ದೀರಿ. ಅಯಾನ್ ಎಂಜಿನ್ ಅಂದರೆ ಅನಿಲದ ಕಣಗಳಿಗೆ ವಿದ್ಯುದಾವೇಶ ಕೊಟ್ಟು, ವಿದ್ಯುತ್ತಿನ ಬಲದಿಂದ ಹಿಂದಕ್ಕೆ ಚಿಮ್ಮಿಸುವಂಥದ್ದು. ಅದು ಯಾವುದರಲ್ಲಿ ಹತ್ತು ಪಟ್ಟು? ಹಿಂದಕ್ಕೆ ಚಿಮ್ಮುವ ಅನಿಲದ ವೇಗದಲ್ಲಾದರೆ ಒಪ್ಪೋಣ. ಸೀಮೆಎಣ್ಣೆ ಉರಿಸುವ ಎಂಜಿನ್ನಿನಲ್ಲಿ ಅದು ಸೆಕೆಂಡಿಗೆ ಸುಮಾರು 3 ಕಿ.ಮೀ. ನಾಸಾದ ಡಾನ್ ನೌಕೆಯ ಅಯಾನ್ ಎಂಜಿನ್ನಿನಲ್ಲಿ ಸುಮಾರು 30.

ಮುಂದಿನ ಸಾಲು ನೋಡಿ. ‘ಶ್ರೀಹರಿಕೋಟಾದಿಂದ ಅಯಾನ್ ರಾಕೆಟ್‌ಗಳು ನಭಕ್ಕೆ ನೆಗೆಯುವ ದಿನ ದೂರವಿಲ್ಲ.’ ಅಯ್ಯೋ! ಡಾನ್ ಎಂಜಿನ್ನಿನ ನೂಕುಬಲ ಎಷ್ಟು ಗೊತ್ತಾ? ಅಂಗೈ ಮೇಲೆ ಎರಡು ಎ4 ಹಾಳೆ ಇಟ್ಟರೆ ಆಗುವ ಭಾರದಷ್ಟು. ನಮ್ಮ ಎಲ್‌ವಿಎಂ3 ರಾಕೆಟ್ ನೆಲ ಬಿಡುವಾಗ 640 ಟನ್ ತೂಗುತ್ತದೆ. ಅಯಾನ್ ಎಂಜಿನ್ನಿಗೆ ಅದನ್ನು ಅಲುಗಿಸಲೂ ಆಗದು. ಇಸ್ರೋ 2017ರಲ್ಲಿ ಜಿಸ್ಯಾಟ್-9 ಉಪಗ್ರಹದೊಳಗೆ ಕ್ಸೆನಾನ್ ಅನಿಲ ಚಿಮ್ಮಿಸುವ ಇಂಥ ಎಂಜಿನ್ ಇಟ್ಟು ಕಳಿಸಿತು, ನಿಜ. ಆದರೆ ಆ ಉಪಗ್ರಹವನ್ನು ಮೇಲಕ್ಕೆ ಹೊತ್ತದ್ದು ಇಂಧನ ಉರಿಸುವ ಜಿಎಸ್‌ಎಲ್‌ವಿ ರಾಕೆಟ್ಟೇ.

ಅಯಾನ್ ಎಂಜಿನ್ನಿನ ಸ್ವಾರಸ್ಯ ಇರುವುದು ಅದರ ನಿಧಾನದಲ್ಲಿ. ಡಾನ್ ತನ್ನ ವೇಗಕ್ಕೆ ಗಂಟೆಗೆ ಸುಮಾರು 100 ಕಿ.ಮೀ. ಕೂಡಿಸಿಕೊಳ್ಳಲು ನಾಲ್ಕು ದಿನ ಬೇಕಾಗುತ್ತಿತ್ತು. ಆದರೆ ನೂಕುವುದನ್ನು ನಿಲ್ಲಿಸದೆ ತಿಂಗಳುಗಟ್ಟಲೆ ನೂಕುತ್ತಲೇ ಇರುತ್ತಿತ್ತು. 2007ರಲ್ಲಿ ಹೊರಟಿತು, 2011ರಲ್ಲಿ ವೆಸ್ಟಾ ಕ್ಷುದ್ರಗ್ರಹ, 2015ರಲ್ಲಿ ಸೆರೆಸ್ ಕುಬ್ಜಗ್ರಹ ತಲುಪಿತು. ಎಲ್ಲಾ 425 ಕಿಲೋ ಕ್ಸೆನಾನ್‌ನಲ್ಲೇ! ಭೂಮಿಯಾಚೆಯ ಎರಡು ಕಾಯಗಳನ್ನು ಒಂದಾದ ಮೇಲೊಂದು ಸುತ್ತಿದ ಮೊದಲ ನೌಕೆ ಅದು. ಇಷ್ಟು ಚಂದದ ಕಥೆ ಕೈಯಲ್ಲಿದ್ದೂ ಸುಮ್ನೆ ‘ಶಕ್ತಿಶಾಲಿ’ ಅಂತ ಬರೆದು ಮುಂದೆ ಹೋಗಿಬಿಟ್ಟಿರಲ್ಲ!

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ ಡೆಸ್ಕಿನಲ್ಲಿ ಒಬ್ಬ ಹಿರಿಯರಿದ್ದರು. ‘ಅಪಾರ’, ‘ಅಗಾಧ’ ಕಂಡರೆ ಸಾಕು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಎಷ್ಟು?’ ಅಂತ ಬರೆದು ಕಾಪಿ ವಾಪಸ್ ಕೊಡುತ್ತಿದ್ದರು. ಪುಟ ಅಚ್ಚಿಗೆ ಹೋಗುವ ಹೊತ್ತು. ನಾನು ಲೈಬ್ರರಿಗೆ ಓಡಬೇಕು, ಅವರು ಆರಾಮಾಗಿ ಕಾಫಿ ಕುಡಿಯುತ್ತ ಕೂತಿರುತ್ತಿದ್ದರು. ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ನಿಮ್ಮ ಪ್ರತಿಯ ಅಂಚಿನಲ್ಲಿ ಈಗ ನಾನೂ ಅದನ್ನೇ ಬರೆದಿದ್ದೇನೆ.

ಇನ್ನೊಂದು ಸಾಲು. ‘ಶೀಘ್ರದಲ್ಲೇ ಅಣುಶಕ್ತಿ ರಾಕೆಟ್ ನಮ್ಮನ್ನು ಮಂಗಳಕ್ಕೆ ಒಯ್ಯಲಿದೆ ಎನ್ನುತ್ತಾರೆ ವಿಜ್ಞಾನಿಗಳು.’ ಯಾವ ವಿಜ್ಞಾನಿಗಳು? ರಿಯಾಕ್ಟರಿನಲ್ಲಿ ಹೈಡ್ರೋಜನ್ ಕಾಯಿಸಿ ಹಿಂದಕ್ಕೆ ಚಿಮ್ಮಿಸುವ ಎಂಜಿನ್ನನ್ನು ಅಮೆರಿಕದವರು 1960ರ ದಶಕದಲ್ಲೇ ನೆವಾಡಾ ಮರುಭೂಮಿಯಲ್ಲಿ ನೆಲಕ್ಕೆ ಬಿಗಿದು ಓಡಿಸಿ ನೋಡಿದ್ದರು. ಕೆಲಸ ಮಾಡಿತು. ಆದರೂ ಬಾಹ್ಯಾಕಾಶದ ಬಜೆಟ್ ಕಡಿತವಾಗಿ 1973ರಲ್ಲಿ ಆ ಯೋಜನೆ ನಿಂತುಹೋಯಿತು. ಆಮೇಲೆ ಡ್ರಾಕೊ ಅಂತ ಮತ್ತೊಂದು ಶುರುವಾಯಿತು. 2025ರಲ್ಲಿ ಅದನ್ನೂ ಕೈಬಿಟ್ಟರು. ಅರ್ಧ ಶತಮಾನದಿಂದ ‘ಇನ್ನೇನು ಬಂತು’ ಎನ್ನುತ್ತಿರುವ ಎಂಜಿನ್ನಿಗೆ ‘ಶೀಘ್ರದಲ್ಲೇ’ ಅಂದರೆ ಓದುಗರಿಗೆ ಮೋಸ ಅಲ್ವಾ?

ಈ ಎರಡು ಭಾಗ ಮತ್ತೆ ಬರೆದು ಕಳಿಸಿ. ಆಂಟಿಮ್ಯಾಟರ್ ಪ್ಯಾರಾ ತೆಗೆದುಹಾಕಿ, ಆ ಜಾಗವನ್ನೂ ಡಾನ್‌ಗೇ ಕೊಡಿ.

ಇಂತಿ,
ಸಂಪಾದಕ