ಒಂದೇ ಕುಂಡ, ಎರಡು ಬಗೆಯ ಹೂವು

ಒಂದೇ ಕುಂಡದಲ್ಲಿ ಎರಡು ಬಗೆಯ ಹೂ ಬಂದಿದೆ, ಇದು ರೋಗವೇ ಅಂತ ಕೇಳಿದ್ದೀರಿ. ರೋಗ ಅಲ್ಲ, ಔಷಧಿ ಹೊಡೆಯೋಕೆ ಹೋಗಬೇಡಿ. ನಿಮ್ಮ ಆರಿಕ್ಯುಲಾ ಪ್ರಿಮುಲಾ (ತಂಪು ಬೆಟ್ಟನಾಡಿನ ಪುಟ್ಟ ಹೂಗಿಡ) ಕುಂಡದಲ್ಲಿ ಕೆಲವು ಹೂವಿನ ನಡುವೆ ಹಸಿರು ಗುಂಡುಸೂಜಿ ತಲೆ, ಉಳಿದವುಗಳಲ್ಲಿ ಹಳದಿ ಪರಾಗಕೋಶಗಳು, ಬಣ್ಣವೂ ತುಸು ಬೇರೆ, ಜೊತೆಗೆ ಒಂದಕ್ಕೆ ಏಳು ಎಸಳು ಅಂದಿರಿ.

ಏಳೆಸಳನ್ನು ಮರೆತುಬಿಡಿ. ಮೊಗ್ಗು ಕಟ್ಟುವಾಗಿನ ಏರುಪೇರು ಅಷ್ಟೇ, ಮುಂದಿನ ವರ್ಷ ಮಾಮೂಲಿ ಐದೇ ಬರಬಹುದು.

ಗುಂಡುಸೂಜಿಯ ವಿಷಯ ಮಜವಾಗಿದೆ. ಅದು ಶಲಾಕಾಗ್ರ, ಅಂದರೆ ಹೂವಿನ ಹೆಣ್ಣುಭಾಗದಲ್ಲಿ ಪರಾಗ ಹಿಡಿಯುವ ತುದಿ; ಅದನ್ನು ಹೊತ್ತ ಸಣ್ಣ ದಂಟೇ ಶಲಾಕೆ. ಉದ್ದ ಶಲಾಕೆಯ ಗಿಡದಲ್ಲಿ ಅದು ಹೂಕೊಳವೆಯ ಬಾಯಿಗೇ ಬಂದು ಕೂತಿರುತ್ತೆ, ಪರಾಗಕೋಶಗಳು ಕೆಳಗೆ ಅಡಗಿರುತ್ತವೆ. ಗಿಡ್ಡ ಶಲಾಕೆಯದರಲ್ಲಿ ಉಲ್ಟಾ. ಒಂದು ಬಗೆಯ ಪರಾಗ ಇನ್ನೊಂದು ಬಗೆಗೆ ತಲುಪಿದರೇ ಬೀಜ ಚೆನ್ನಾಗಿ ಕಟ್ಟೋದು ಅಂತ ಡಾರ್ವಿನ್ 1862ರಲ್ಲೇ ಬರೆದಿದ್ದ. ಇದು ಹುಟ್ಟುಗುಣ, ಒಂದು ಗಿಡಕ್ಕೆ ಒಂದೇ ಬಗೆ. ಅಂದಮೇಲೆ ನಿಮ್ಮ ಕುಂಡದಲ್ಲಿರೋದು ಎರಡು ಗಿಡ! ಹಳೇ ಬೀಜ ಕುಂಡದ ಮೇಲಿನ ಜಲ್ಲಿಗೆ ಬಿದ್ದು ಮೊಳೆತಿರಬೇಕು, ಇಲ್ಲಾ ನರ್ಸರಿಯಲ್ಲೇ ಎರಡು ಸಸಿ ಸೇರಿರಬೇಕು. ತೋಟದ ಆರಿಕ್ಯುಲಾಗಳು ಆಲ್ಪ್ಸ್‌ನ ಕಾಡು ಪ್ರಿಮುಲಾಗಳ ಮಿಶ್ರತಳಿ, ಹಾಗಾಗಿ ಬೀಜದ ಸಸಿ ತಾಯಿಯ ಬಣ್ಣವನ್ನೇ ತರುತ್ತೆ ಅನ್ನೋ ಖಾತ್ರಿಯಿಲ್ಲ.

ಬ್ರಿಟನ್ನಿನ ಆರಿಕ್ಯುಲಾ ಪ್ರದರ್ಶನಗಳಲ್ಲಿ ಗುಂಡುಸೂಜಿ ಕಾಣುವ ಹೂವಿಗೆ ಬೆಲೆಯಿಲ್ಲ. ನನಗಂತೂ ಅದು ಅನ್ಯಾಯ ಅನ್ನಿಸುತ್ತೆ, ನೀವು ಎಸೆಯಬೇಡಿ.

ಹೂವಿರುವಾಗಲೇ ಒಂದು ಬಗೆಯ ಬುಡಕ್ಕೆ ದಾರ ಕಟ್ಟಿಡಿ. ಆಮೇಲೆ ಎಲೆ ನೋಡಿ ಗುರುತಿಸೋದು ಕಷ್ಟ. ಹೂ ಮುಗಿದ ಮೇಲೆ ಕುಂಡ ಬೋರಲು ಹಾಕಿ ಮಣ್ಣು ಉದುರಿಸಿ: ದಪ್ಪ ಬುಡಗಳು ಬೇರೆಬೇರೆಯಾಗಿದ್ದರೆ ಬಿಡಿಸಿ, ನೀರು ಬಸಿಯುವ ಮಣ್ಣಿನಲ್ಲಿ ಬೇರೆ ಕುಂಡಕ್ಕೆ ನೆಡಿ.