ದುಬೈಯಲ್ಲಿ ಫೈವ್ ಸ್ಟಾರ್ ರೂಮು ಮಾಡಿದ್ದೀರಾ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ರಜೆಗೆ ವಿದೇಶಕ್ಕೆ ಹೊರಟವರ ಪತ್ರಗಳೇ ಜಾಸ್ತಿ ಬಂದಿವೆ. ಹೆಚ್ಚಿನವರು ಹೋಗುವುದು ದುಬೈಗೆ. ನಮ್ಮ ಊರಿನ ಅರ್ಧ ಮನೆಗಳಲ್ಲಿ ಯಾರಾದರೊಬ್ಬರು ಅಲ್ಲಿದ್ದಾರಲ್ಲ. ನಾನು ಅಲ್ಲಿ ಒಂದು ಫೈವ್ ಸ್ಟಾರ್ ಹೋಟೆಲಿನ ರಿಸೆಪ್ಷನ್‌ನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಮಂಗಳೂರಿಗೆ ವಾಪಸ್ ಬಂದವಳು. ಕೌಂಟರಿನ ಆಚೆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ಮಗ ಶಾರ್ಜಾದಲ್ಲಿ ಕೆಲಸದಲ್ಲಿದ್ದಾನೆ. ಅವನ ಫ್ಲಾಟ್ ಸಣ್ಣದು, ಜೊತೆಗೆ ಇನ್ನಿಬ್ಬರು ಹುಡುಗರಿದ್ದಾರೆ. ಹಾಗಾಗಿ ನಾನು, ನನ್ನ ಹೆಂಡತಿ, ನನ್ನ ತಾಯಿ ಮೂವರಿಗೂ ದುಬೈಯ ಫೈವ್ ಸ್ಟಾರ್ ಹೋಟೆಲಿನಲ್ಲಿ ಐದು ರಾತ್ರಿಗೆ ರೂಮು ಮಾಡಿದ್ದಾನೆ. ಹಣ ಪೂರ್ತಿ ಕಟ್ಟಿ ಆಗಿದೆ. ಆದರೂ ಅಲ್ಲಿ ಕಾರ್ಡ್ ಕೇಳಿ ದುಡ್ಡು ಹಿಡಿದಿಡುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದರು. ನಿಜವೇ? (ನಿವೃತ್ತ ಶಿಕ್ಷಕರು, ಬ್ರಹ್ಮಾವರ)

ಉತ್ತರ: ನಿಜ ಮಾಸ್ಟ್ರೇ. ಆದರೆ ಹೆದರಬೇಡಿ. ರೂಮಿನ ಬಾಡಿಗೆ ಬೇರೆ, ಡೆಪಾಸಿಟ್ ಬೇರೆ. ರೂಮಿನ ಫ್ರಿಜ್‌ನಿಂದ ಏನಾದರೂ ತೆಗೆದು ಕುಡಿದರೆ, ಬಟ್ಟೆ ಒಗೆಯಲು ಕೊಟ್ಟರೆ, ರೂಮಿಗೇ ಊಟ ತರಿಸಿಕೊಂಡರೆ ಅದರ ಬಿಲ್ಲು ಕೊನೆಗೆ ಬರುತ್ತದೆ ಅಲ್ವಾ, ಅದಕ್ಕೆ ಭದ್ರತೆ ಅಂತ ನಿಮ್ಮ ಕಾರ್ಡಿನಲ್ಲಿ ಒಂದಿಷ್ಟು ಹಣವನ್ನು ತಡೆದಿಡುತ್ತಾರೆ. ಮೊತ್ತ ಹೋಟೆಲಿನಿಂದ ಹೋಟೆಲಿಗೆ ಬೇರೆ. ರಾತ್ರಿಗೆ 200 ದಿರ್ಹಮ್ ಅಂತ ಇಟ್ಟುಕೊಂಡರೆ ನಿಮ್ಮ ಐದು ರಾತ್ರಿಗೆ 1,000 ದಿರ್ಹಮ್ ಆಯಿತು.

ಕ್ರೆಡಿಟ್ ಕಾರ್ಡ್ ಕೊಟ್ಟರೆ ಅದರ ಲಿಮಿಟ್‌ನಲ್ಲಿ ಅಷ್ಟು ಕಡಿಮೆಯಾಗುತ್ತದೆ, ಅಷ್ಟೆ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯಲ್ಲಿರುವ ದುಡ್ಡೇ ಸಿಕ್ಕಿಕೊಳ್ಳುತ್ತದೆ. ಹೊರಡುವ ದಿನ ಹೋಟೆಲಿನವರು ಬಿಟ್ಟರೂ ಅದು ನಿಮ್ಮ ಬ್ಯಾಂಕಿಗೆ ಬಂದು ಸೇರಲು ಹಲವು ದಿನ ಬೇಕು, ಕೆಲವೊಮ್ಮೆ ಎರಡು ಮೂರು ವಾರವೂ ಆಗುತ್ತದೆ.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ಒಂದು ದಿನ ನಮ್ಮ ಕಡೆಯ ಗಂಡ ಹೆಂಡತಿ ಬಂದಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಡೆಬಿಟ್ ಕಾರ್ಡ್. ನಮ್ಮ ಕೌಂಟರಿನವನೇ ಒಬ್ಬ ಡೆಪಾಸಿಟ್ ವಿಷಯವನ್ನು ಇಂಗ್ಲಿಷಿನಲ್ಲಿ ಗಡಿಬಿಡಿಯಲ್ಲಿ ಓದಿ ಹೇಳಿದ, ಅವರು ತಲೆ ಆಡಿಸಿದರು. ಮರುದಿನ ಅಂಗಡಿಯಲ್ಲಿ ಮೊಮ್ಮಗುವಿಗೆ ಏನೋ ಕೊಳ್ಳಲು ಹೋದರೆ ಕಾರ್ಡ್ ನಡೆಯಲಿಲ್ಲ. ಆ ಮನುಷ್ಯ ಸಂಜೆ ಬಂದು ಕೌಂಟರಿನ ಬದಿಯಲ್ಲಿ ನಿಂತಿದ್ದರು, ಎಲ್ಲರೂ ಹೋಗುವ ತನಕ ಕಾದು, ನನ್ನ ಬ್ಯಾಡ್ಜಿನಲ್ಲಿ ಹೆಸರು ನೋಡಿ ಮೆಲ್ಲಗೆ ತುಳುವಿನಲ್ಲಿ ಕೇಳಿದರು. ನನಗೆ ಅವತ್ತು ತುಂಬ ಸಂಕಟ ಆಯಿತು. ತಪ್ಪು ಅವರದ್ದಲ್ಲ, ಅರ್ಥ ಆಗುವ ಹಾಗೆ ಹೇಳದ ನಮ್ಮದು. ಡೆಪಾಸಿಟ್ಟನ್ನು ನಗದಿಗೆ ಬದಲಾಯಿಸಿ ಕಾರ್ಡಿನ ಹಿಡಿತ ಬಿಟ್ಟೆವು. ಆದರೆ ಬ್ಯಾಂಕಿನಿಂದ ದುಡ್ಡು ತಿರುಗಿ ಬರುವಷ್ಟರಲ್ಲಿ ಅವರು ಊರಿಗೆ ಹೊರಟಾಗಿತ್ತು.

ಹಾಗಾಗಿ ನೀವು ಕೇಳಬೇಕು ಮಾಸ್ಟ್ರೇ. ಎಷ್ಟು ಹಿಡಿಯುತ್ತೀರಿ, ಯಾವಾಗ ಬಿಡುತ್ತೀರಿ, ನಗದು ಕೊಟ್ಟರೆ ಆಗುತ್ತದಾ ಅಂತ ಕೇಳಿ. ಇಂಗ್ಲಿಷ್ ತಪ್ಪಿದರೂ ಪರವಾಗಿಲ್ಲ, ಅಲ್ಲಿ ಹಿಂದಿ ಮಲಯಾಳಂ ಬರುವವರು ಬೇಕಾದಷ್ಟು ಜನ ಇರುತ್ತಾರೆ. ನಗದು ಕೊಟ್ಟರೆ ರಸೀದಿ ಜೋಪಾನ, ವಾಪಸ್ ಪಡೆಯುವಾಗ ಅದನ್ನು ತೋರಿಸಬೇಕು.

ಇನ್ನೊಂದು ಖರ್ಚು ಇದೆ. ದುಬೈಯಲ್ಲಿ ಟೂರಿಸಂ ದಿರ್ಹಮ್ ಅಂತ ಒಂದು ಶುಲ್ಕ 2014ರಿಂದ ಇದೆ. ಫೈವ್ ಸ್ಟಾರ್ ಹೋಟೆಲಿನಲ್ಲಿ ಒಂದು ರೂಮಿಗೆ ರಾತ್ರಿಗೆ 20 ದಿರ್ಹಮ್. ಬಾಡಿಗೆ ಮೊದಲೇ ಕಟ್ಟಿದ್ದರೂ ಸಾಮಾನ್ಯವಾಗಿ ಇದನ್ನು ಕೌಂಟರಿನಲ್ಲೇ ತೆಗೆದುಕೊಳ್ಳುತ್ತಾರೆ. ನಿಮ್ಮ ಲೆಕ್ಕಕ್ಕೆ 100 ದಿರ್ಹಮ್. ಇದು ಮೋಸ ಅಲ್ಲ.

ಬಾಡಿಗೆ ಮಗನ ಕಾರ್ಡಿನಿಂದ ಕಟ್ಟಿದ್ದರೆ ಕೆಲವು ಹೋಟೆಲಿನವರು ಆ ಕಾರ್ಡನ್ನೇ ತೋರಿಸಿ ಅನ್ನುತ್ತಾರೆ. ಮೊದಲ ದಿನ ಅವನನ್ನೂ ಬರಲು ಹೇಳಿ. ಮೂವರ ಹೆಸರೂ ಬುಕಿಂಗ್‌ನಲ್ಲಿ ಇದೆಯಾ, ತಾಯಿಯವರಿಗೆ ಬೇರೆ ಮಂಚ ಹೇಳಿದ್ದಾನಾ ಅಂತ ಇವತ್ತೇ ಕೇಳಿಬಿಡಿ. ಪಾಸ್‌ಪೋರ್ಟ್ ಮೂವರದ್ದೂ ತೋರಿಸಬೇಕಾಗುತ್ತದೆ. ನಿಮ್ಮ ಕಾರ್ಡ್ ಹೊರದೇಶದಲ್ಲಿ ನಡೆಯುತ್ತದಾ ಅಂತಲೂ ನೋಡಿಕೊಳ್ಳಿ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ ಹೊಸ ಕಾರ್ಡ್ ಬರುವಾಗ ದೇಶದೊಳಗೆ ಮಾತ್ರ ನಡೆಯುತ್ತದೆ, ಹೊರಗಿನ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ತೆರೆಸಬೇಕು. ಮತ್ತೆ ಅಲ್ಲಿ ಮೆಷಿನ್ ರೂಪಾಯಿಯಲ್ಲಿ ಕಟ್ಟುತ್ತೀರಾ ದಿರ್ಹಮ್‌ನಲ್ಲಾ ಅಂತ ಕೇಳಿದರೆ ದಿರ್ಹಮ್ ಅನ್ನಿ. ರೂಪಾಯಿ ಅಂದರೆ ಅವರು ಹಾಕುವ ದರದಲ್ಲಿ ನಿಮಗೆ ನಷ್ಟ.

ಪ್ರಶ್ನೆ: ನಮ್ಮ ವಿಮಾನ ಬೆಳಗಿನ ಜಾವ ದುಬೈ ಮುಟ್ಟುತ್ತದೆ. ಹೋಟೆಲಿನವರು ಮಧ್ಯಾಹ್ನ 3 ಗಂಟೆಗೆ ರೂಮು ಅನ್ನುತ್ತಾರೆ. ಸಣ್ಣ ಮಗು ಇದೆ. ಏನು ಮಾಡುವುದು? (ಗೃಹಿಣಿ, ಸುರತ್ಕಲ್)

ಉತ್ತರ: ಎರಡು ದಾರಿ ಇದೆ. ರೂಮು ಖಾಲಿ ಇದ್ದರೆ ಬೇಗ ಕೊಡುತ್ತಾರೆ, ಕೆಲವರು ಸುಮ್ನೆ ಕೊಡುತ್ತಾರೆ, ಕೆಲವರು ಅರ್ಧ ದಿನದ ಬಾಡಿಗೆ ಕೇಳುತ್ತಾರೆ. ಹೋಗುವ ಮೂರು ನಾಲ್ಕು ದಿನ ಮೊದಲು ಮೇಲ್ ಮಾಡಿ, ಮಗು ಇದೆ ಅಂತ ಬರೆಯಿರಿ. ನಾವು ಬೆಳಿಗ್ಗೆ ರೂಮು ಹಂಚುವಾಗ ಅಂಥ ಮೇಲ್‌ಗಳನ್ನು ಮುಂದೆ ಇಟ್ಟುಕೊಂಡೇ ಹಂಚುತ್ತಿದ್ದೆವು. ರೂಮು ಸಿಗದಿದ್ದರೂ ಬ್ಯಾಗುಗಳನ್ನು ಸಾಮಾನು ನೋಡಿಕೊಳ್ಳುವ ಬೆಲ್ ಡೆಸ್ಕಿನಲ್ಲಿ ಬಿಡಬಹುದು. ಈಜುಕೊಳದ ಹತ್ತಿರದ ಬಾತ್‌ರೂಮಿನಲ್ಲಿ ಸ್ನಾನ ಮಾಡಿ ಬಟ್ಟೆ ಬದಲಾಯಿಸಲು ಆಗುತ್ತದಾ ಅಂತ ಕೇಳಿ, ಹೆಚ್ಚಾಗಿ ಬೇಡ ಅನ್ನುವುದಿಲ್ಲ. ಮಗುವಿನ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಎರಡನೆಯದು, ಹಿಂದಿನ ರಾತ್ರಿಯಿಂದಲೇ ರೂಮು ಮಾಡುವುದು. ಖರ್ಚು ಜಾಸ್ತಿ, ಆದರೆ ಮಗು ಇರುವಾಗ ನೆಮ್ಮದಿ. ಹಾಗೆ ಮಾಡಿದರೆ ಬೆಳಗಿನ ಜಾವ ಬರುತ್ತೇವೆ ಅಂತ ಹೋಟೆಲಿಗೆ ಬರೆದು ತಿಳಿಸಲೇಬೇಕು. ಇಲ್ಲದಿದ್ದರೆ ರಾತ್ರಿ ಬರಲಿಲ್ಲ ಅಂತ ಇಡೀ ಬುಕಿಂಗನ್ನೇ ರದ್ದು ಮಾಡುವ ಹೋಟೆಲ್‌ಗಳಿವೆ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಟಿಕೆಟಿನಲ್ಲಿ ಇರುವುದು ಅಲ್ಲಿಯ ಗಂಟೆ. ತಾರೀಕು ಸರಿ ನೋಡಿ.

ಪ್ರಶ್ನೆ: ಅತ್ತೆಗೆ 74 ವರ್ಷ. ದಿನಾ ದೇವರಿಗೆ ದೀಪ ಹಚ್ಚದೆ ತಿಂಡಿ ತಿನ್ನುವುದಿಲ್ಲ, ರಾತ್ರಿ ಗಂಜಿ ಬೇಕು, ಊಟದ ಮೇಲೆ ಎಲೆ ಅಡಿಕೆ ಬೇಕು. ಅವರನ್ನು ದುಬೈಯ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗುವುದು ಹೇಗೆ? (ಓದುಗರು, ಕಾರ್ಕಳ)

ಉತ್ತರ: ಕರೆದುಕೊಂಡು ಹೋಗಿ ಅಕ್ಕ, ಬಿಟ್ಟು ಹೋಗಬೇಡಿ. ಆದರೆ ಕೆಲವು ಮಾತು ಅವರಿಗೆ ಮನೆಯಲ್ಲೇ ಸಮಾಧಾನದಲ್ಲಿ ಹೇಳಿ.

ರೂಮಿನಲ್ಲಿ ಎಣ್ಣೆ ದೀಪ, ಊದುಬತ್ತಿ ಹಚ್ಚುವಂತಿಲ್ಲ. ಮಾಡಿನಲ್ಲಿ ಹೊಗೆ ಗುರುತಿಸುವ ಯಂತ್ರ ಇರುತ್ತದೆ, ಗಂಟೆ ಬಡಿದರೆ ಸೆಕ್ಯೂರಿಟಿಯವರು ಬಾಗಿಲಿಗೆ ಬರುತ್ತಾರೆ. ಹಿರಿಯರೊಬ್ಬರು ಹಾಗೆ ಗಾಬರಿಯಾಗಿ ಅತ್ತದ್ದನ್ನು ನಾನು ನೋಡಿದ್ದೇನೆ. ಬ್ಯಾಟರಿ ದೀಪ ಒಂದು ಇಟ್ಟುಕೊಳ್ಳಿ, ಸಣ್ಣ ಫೋಟೋ ಸಾಕು. ಜೆಬೆಲ್ ಅಲಿಯಲ್ಲಿ 2022ರಲ್ಲಿ ತೆರೆದ ಹಿಂದೂ ದೇವಸ್ಥಾನ ಇದೆ, ಒಂದು ದಿನ ಕರೆದುಕೊಂಡು ಹೋಗಿ, ಅವರಿಗೆ ಬುರ್ಜ್ ಖಲೀಫಾಕ್ಕಿಂತ ಅದೇ ನೆನಪಿರಬಹುದು.

ಎಲೆ ಅಡಿಕೆ ಸಂಚಿ ಊರಲ್ಲೇ ಇರಲಿ. ವೀಳ್ಯದೆಲೆ, ಪಾನ್ ಸಾಮಗ್ರಿ ಅಲ್ಲಿ ನಿಷಿದ್ಧ. ಗಸಗಸೆಯೂ ಅಷ್ಟೆ. ಮಸಾಲೆ ಪುಡಿ ಕಟ್ಟುವಾಗ, ಲಾಡು ಮಾಡುವಾಗ ಗಸಗಸೆ ಬಿದ್ದಿದೆಯಾ ಅಂತ ನೋಡಿ, ಇದರಲ್ಲಿ ಸಡಿಲ ಬೇಡ. ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆ ಅದರದೇ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಕೊಡೀನ್, ಟ್ರಮಡಾಲ್ ಇರುವ ನೋವಿನ ಔಷಧಿಗೆ ಅಲ್ಲಿಯ ಸರ್ಕಾರದ ಅನುಮತಿ ಮೊದಲೇ ಬೇಕು.

ಗಂಜಿಗೆ ರೂಮಿನ ಕೆಟ್ಲಲ್ಲಿ ಅಕ್ಕಿ ಹಾಕಬೇಡಿ, ಕೆಟ್ಲೂ ಹಾಳು ದುಡ್ಡೂ ಹಾಳು. ಅಡುಗೆಮನೆಗೆ ಫೋನ್ ಮಾಡಿ ಮೆತ್ತಗೆ ಬೇಯಿಸಿದ ಅನ್ನ, ಬಿಸಿನೀರು, ಉಪ್ಪು ಅಂತ ಹೇಳಿದರೆ ಮಾಡಿ ಕೊಡುತ್ತಾರೆ. ಉಪ್ಪಿನಕಾಯಿ ನಿಮ್ಮದು. ಕುಚ್ಚಲಕ್ಕಿಯೇ ಆಗಬೇಕು ಅಂದರೆ ನನ್ನ ಮಾತು ಕೇಳಿ, ಫೈವ್ ಸ್ಟಾರ್ ಬೇಡ, ಹೋಟೆಲ್ ಅಪಾರ್ಟ್‌ಮೆಂಟ್ ಮಾಡಿ. ಅಲ್ಲಿ ಒಲೆ, ಪಾತ್ರೆ ಎಲ್ಲ ಇರುತ್ತದೆ. ಬರ್ ದುಬೈ, ಕರಾಮಾ ಕಡೆ ಆದರೆ ನಮ್ಮ ಉಡುಪಿ ಶೈಲಿಯ ಸಸ್ಯಾಹಾರಿ ಹೋಟೆಲ್‌ಗಳೂ ಹತ್ತಿರ.

ಬಚ್ಚಲು ಮನೆ ಬಗ್ಗೆ ನೀವು ಕೇಳಲಿಲ್ಲ, ಆದರೆ ನನಗೆ ಅದೇ ಹೆಚ್ಚು ಚಿಂತೆ. ಎತ್ತರದ ಟಬ್ಬಿಗೆ ಕಾಲೆತ್ತಿ ಇಳಿಯುವುದು ಆ ವಯಸ್ಸಿನಲ್ಲಿ ಅಪಾಯ. ಟಬ್ ಇಲ್ಲದ, ನಿಂತು ಸ್ನಾನ ಮಾಡುವ ಶವರಿನ ರೂಮು ಕೊಡಿ, ಒಂದು ಪ್ಲಾಸ್ಟಿಕ್ ಸ್ಟೂಲ್ ಕೊಡಿ ಅಂತ ಮೊದಲೇ ಬರೆಯಿರಿ. ಬಕೆಟ್ ಚೆಂಬು ಇರುವುದಿಲ್ಲ. ಎಷ್ಟೋ ಕಡೆ ಶವರಿನ ಹೊರಗಿನ ನೆಲದಲ್ಲಿ ನೀರು ಹೋಗಲು ತೂತೇ ಇರುವುದಿಲ್ಲ, ಮನೆಯ ಹಾಗೆ ನೀರು ಚೆಲ್ಲಿದರೆ ಜಾರಿ ಬೀಳುವುದು ಅವರೇ.

ಪ್ರಶ್ನೆ: ಸಿಂಗಾಪುರದ ಹೋಟೆಲಿನ ದರದ ಪಕ್ಕ ಎರಡು ಪ್ಲಸ್ ಚಿಹ್ನೆ ಇದೆ. ಏನದು? (ವಿದ್ಯಾರ್ಥಿ, ಕದ್ರಿ)

ಉತ್ತರ: ಒಂದು ಪ್ಲಸ್ 10% ಸರ್ವಿಸ್ ಚಾರ್ಜ್, ಇನ್ನೊಂದು ಜಿಎಸ್‌ಟಿ, ಅದು 2024ರಿಂದ 9%. 300 ಡಾಲರ್ ಅಂದದ್ದು 330 ಆಗುತ್ತದೆ, ಅದರ ಮೇಲೆ 9% ಸೇರಿ 359.70. ದರ ಹೋಲಿಸುವಾಗ ಎಲ್ಲಾ ಸೇರಿಸಿದ ಮೊತ್ತವನ್ನೇ ನೋಡು.

ಪ್ರಶ್ನೆ: ಬೆಳಗಿನ ತಿಂಡಿ ಸೇರಿಸಿಯೇ ಹಣ ಕಟ್ಟಿದ್ದೇವೆ. ಆದರೆ ವಾಪಸ್ ಬರುವ ದಿನ ಬೆಳಗ್ಗೆ 4 ಗಂಟೆಗೇ ಹೊರಡಬೇಕು. ಆ ದಿನದ್ದು ಹೋಯಿತಾ? (ಅಂಗಡಿ ಮಾಲೀಕರು, ಕಾಪು)

ಉತ್ತರ: ಇಲ್ಲ ಅಣ್ಣ, ಕೇಳಿದರೆ ಕಟ್ಟಿ ಕೊಡುತ್ತಾರೆ. ಬುಫೆಯಿಂದ ನಾವೇ ಚೀಲಕ್ಕೆ ಹಾಕಿಕೊಳ್ಳುವುದು ಸರಿಯಲ್ಲ, ಆದರೆ ಬೇಗ ಹೊರಡುವವರಿಗೆ ತಿಂಡಿಯ ಡಬ್ಬಿ ಮಾಡಿ ಕೊಡುವ ಪದ್ಧತಿ ಹೆಚ್ಚಿನ ದೊಡ್ಡ ಹೋಟೆಲುಗಳಲ್ಲಿದೆ. ಹಿಂದಿನ ಸಂಜೆಯೇ ರಿಸೆಪ್ಷನ್‌ಗೆ ಹೇಳಿ, ಎಷ್ಟು ಜನ, ಸಸ್ಯಾಹಾರವಾ, ಮೊಟ್ಟೆ ಆಗುತ್ತದಾ ಅಂತಲೂ ಹೇಳಿ. ಅದೇ ಹೊತ್ತಿಗೆ ಬಿಲ್ಲನ್ನೂ ಕೇಳಿ ತೆಗೆದುಕೊಂಡು ರೂಮಿನಲ್ಲಿ ಕೂತು ನೋಡಿ. ಬೆಳಗ್ಗೆ 4 ಗಂಟೆಗೆ ಟ್ಯಾಕ್ಸಿ ಕಾಯುತ್ತಿರುವಾಗ ನೀವು ಕುಡಿಯದ ಜ್ಯೂಸು ಬಿಲ್ಲಿನಲ್ಲಿ ಕಂಡರೆ ಮಾತಾಡಲು ಪುರುಸೊತ್ತು ಇರುವುದಿಲ್ಲ.