ಹಂಚಿದ ಫೋಲ್ಡರಿಗೆ 777 ಕೊಡಬಹುದೇ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಕಚೇರಿಯಲ್ಲಿ ಲಿನಕ್ಸ್ ಸರ್ವರಿಗೆ ಸಾಂಬಾ ಎಂಬ ಫೈಲ್ ಹಂಚುವ ತಂತ್ರಾಂಶ ಹಾಕಿ, ಲೆಕ್ಕಪತ್ರದ ಫೋಲ್ಡರನ್ನು ವಿಂಡೋಸ್ ಕಂಪ್ಯೂಟರುಗಳಿಗೆ ಹಂಚಿದ್ದೇವೆ. ಒಬ್ಬರು ಮಾಡಿದ ಎಕ್ಸೆಲ್ ಫೈಲನ್ನು ಇನ್ನೊಬ್ಬರು ತೆರೆದು ನೋಡಬಹುದು, ಆದರೆ ತಿದ್ದಿ ಉಳಿಸಲು ಆಗುತ್ತಿಲ್ಲ. ಪರಿಚಿತರೊಬ್ಬರು 777 ಅನುಮತಿ ಕೊಡಿ ಎನ್ನುತ್ತಾರೆ. ಕೊಡಬಹುದೇ? ಫೈಲುಗಳನ್ನು ಇತರರು ಅಳಿಸದಂತೆ ತಡೆಯುವುದು ಹೇಗೆ?
— ಓದುಗರೊಬ್ಬರು, ಶಿರಸಿ

ಉತ್ತರ: 777 ಖಂಡಿತ ಬೇಡ. ಅದರಿಂದ ಸರ್ವರಿನಲ್ಲಿ ಖಾತೆಯಿರುವ ಪ್ರತಿಯೊಬ್ಬರಿಗೂ ಸಂಘದ ಲೆಕ್ಕವನ್ನು ತಿದ್ದುವ, ಅಳಿಸುವ ಅಧಿಕಾರ ಸಿಗುತ್ತದೆ. ಅಷ್ಟಾದರೂ ನಿಮ್ಮ ತೊಂದರೆ ತಪ್ಪುವುದಿಲ್ಲ. ನೀವು ಬದಲಿಸದ ಹೊರತು, ಹೊಸ ಫೈಲಿಗೆ ಸಾಂಬಾ ವಿಧಿಸುವ ಅನುಮತಿಯ ಮಿತಿ 0744. ಇದರಲ್ಲಿ 7 ಫೈಲ್ ಮಾಡಿದವರ ಪಾಲು, ಮುಂದಿನ 4 ಗುಂಪಿನ ಪಾಲು, ಕೊನೆಯ 4 ಉಳಿದವರ ಪಾಲು. 4 ಎಂದರೆ ಓದುವುದಕ್ಕೆ ಮಾತ್ರ, 6 ಎಂದರೆ ಓದಿ ಬರೆಯುವುದಕ್ಕೆ, 7 ಎಂದರೆ ಪೂರ್ಣ ಅನುಮತಿ, 0 ಎಂದರೆ ಏನೂ ಇಲ್ಲ. ಇಂದು ಎಲ್ಲಕ್ಕೂ 777 ಕೊಟ್ಟರೂ ನಾಳೆ ಮಾಡುವ ಫೈಲು ಮತ್ತೆ ಇದೇ ಮಿತಿಗೆ ಒಳಪಡುತ್ತದೆ.

ಲೆಕ್ಕಪತ್ರ ನೋಡುವವರದೇ ಒಂದು ಗುಂಪು ಮಾಡಿ, ಫೋಲ್ಡರನ್ನೂ ಅದರೊಳಗಿನ ಹಳೆಯ ಫೈಲುಗಳನ್ನೂ ಆ ಗುಂಪಿನ ಹೆಸರಿಗೆ ವರ್ಗಾಯಿಸಿ, ಫೋಲ್ಡರುಗಳಿಗೆ 2770, ಫೈಲುಗಳಿಗೆ 0660 ಕೊಡಿ. ಮೊದಲಿನ ಆ 2 ಬಹಳ ಮುಖ್ಯ: ಅದಿದ್ದರೆ ಒಳಗೆ ಹೊಸದಾಗಿ ಮಾಡುವ ಪ್ರತಿಯೊಂದು ಫೈಲೂ, ಮಾಡಿದವರ ಸ್ವಂತ ಗುಂಪಿಗೆ ಹೋಗದೆ, ಫೋಲ್ಡರಿನ ಗುಂಪಿಗೇ ಸೇರುತ್ತದೆ. ನಂತರ ಸಾಂಬಾದ ಸಂರಚನಾ ಫೈಲಿನಲ್ಲಿ, ಆ ಫೋಲ್ಡರಿನ ವಿಭಾಗದಡಿ, ‘ಕ್ರಿಯೇಟ್ ಮಾಸ್ಕ್’ ಮತ್ತು ‘ಫೋರ್ಸ್ ಕ್ರಿಯೇಟ್ ಮೋಡ್’ಗೆ 0660 ಎಂದೂ, ‘ಡೈರೆಕ್ಟರಿ ಮಾಸ್ಕ್’ ಮತ್ತು ‘ಫೋರ್ಸ್ ಡೈರೆಕ್ಟರಿ ಮೋಡ್’ಗೆ 2770 ಎಂದೂ ಬರೆಯಿರಿ. ‘ವ್ಯಾಲಿಡ್ ಯೂಸರ್ಸ್’ ಎಂಬಲ್ಲಿ @ ಚಿಹ್ನೆ ಹಾಕಿ ಗುಂಪಿನ ಹೆಸರು ಕೊಟ್ಟರೆ ಹೊರಗಿನವರಿಗೆ ಬಾಗಿಲು ಮುಚ್ಚುತ್ತದೆ. ಗುಂಪಿಗೆ ಹೊಸದಾಗಿ ಸೇರಿದವರು ವಿಂಡೋಸಿನಿಂದ ಹೊರಬಂದು ಮತ್ತೆ ಲಾಗಿನ್ ಆಗಬೇಕು.

ಅಳಿಸುವ ವಿಷಯ ಸ್ವಲ್ಪ ಸೂಕ್ಷ್ಮ. ಲಿನಕ್ಸಿನಲ್ಲಿ ಅಳಿಸುವ ಅಧಿಕಾರ ಫೈಲಿನ ಅನುಮತಿಯಿಂದಲ್ಲ, ಅದಿರುವ ಫೋಲ್ಡರಿನ ಬರೆಯುವ ಅನುಮತಿಯಿಂದ ಬರುತ್ತದೆ. 2770ರ ಬದಲು 3770 ಕೊಟ್ಟರೆ ಒಬ್ಬರ ಫೈಲನ್ನು ಗುಂಪಿನ ಬೇರೆಯವರು ಅಳಿಸಲಾಗದು. ಆದರೆ ಎಕ್ಸೆಲ್ ಉಳಿಸುವಾಗ ತಾತ್ಕಾಲಿಕ ಫೈಲೊಂದನ್ನು ಬರೆದು, ಹಳೆಯದನ್ನು ತೆಗೆದುಹಾಕಿ, ಹೊಸದಕ್ಕೆ ಅದೇ ಹೆಸರಿಡುವುದರಿಂದ, ಈ ತಡೆ ಇದ್ದಲ್ಲಿ ಇತರರು ತಿದ್ದಿ ಉಳಿಸುವುದೂ ನಿಂತುಹೋಗುತ್ತದೆ. ಹಲವರು ತಿದ್ದುವ ಫೋಲ್ಡರಿಗೆ ಅದು ಒಗ್ಗುವುದಿಲ್ಲ. ಬದಲಿಗೆ ಸಾಂಬಾದ ಅದೇ ವಿಭಾಗದಡಿ, ಹೆಚ್ಚುವರಿ ಸೌಲಭ್ಯಗಳನ್ನು ಜೋಡಿಸುವ ‘ವಿಎಫ್ಎಸ್ ಆಬ್ಜೆಕ್ಟ್ಸ್’ನಲ್ಲಿ ‘ರಿಸೈಕಲ್’ ಸೇರಿಸಿ. ನೆಟ್‌ವರ್ಕಿನ ಮೂಲಕ ಅಳಿಸಿದ ಫೈಲುಗಳು ಒಂದು ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತವೆ. ಎಕ್ಸೆಲ್‌ನ ತಾತ್ಕಾಲಿಕ ಫೈಲುಗಳೂ ಅಲ್ಲಿಗೇ ಬಂದು ತುಂಬಿಕೊಳ್ಳುವುದರಿಂದ, ಅವನ್ನು ‘ರಿಸೈಕಲ್ ಎಕ್ಸ್‌ಕ್ಲೂಡ್’ ಆಯ್ಕೆಯಿಂದ ಹೊರಗಿಡಿ.